ಲಿಫ್ಟರ್ ಬದಲಿಸಿದ ಮೇಲೂ ಟಕ್ ಟಕ್ ನಿಲ್ಲದಿದ್ದರೆ: ಹೈಡ್ರಾಲಿಕ್ ಟ್ಯಾಪೆಟ್ ಸದ್ದಿಗೊಂದು ಸಮಗ್ರ ಮಾರ್ಗದರ್ಶಿ

ಹೊಸ ಲಿಫ್ಟರ್ (ವಾಲ್ವ್ ತೆರೆಸುವ ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ಸಂದು ಬೀಳದಂತೆ ಆಯಿಲ್ ತುಂಬಿಕೊಂಡು ನೋಡಿಕೊಳ್ಳುವ ಭಾಗ; ಹೈಡ್ರಾಲಿಕ್ ಟ್ಯಾಪೆಟ್ ಎಂದರೂ ಇದೇ) ಕೂರಿಸಿ, ಕವರ್ ಮುಚ್ಚಿ, ಹೊಸ ಆಯಿಲ್ ಸುರಿದು ಸೆಲ್ಫ್ ಹೊಡೆದರೆ ಎಂಜಿನ್ ಹೊಲಿಗೆ ಯಂತ್ರದಂತೆ ಟಕಟಕ ಅನ್ನುತ್ತದೆ. ಕೆಲವೊಮ್ಮೆ ಹಳೆಯ ಲಿಫ್ಟರ್ ಇದ್ದಾಗಿನ ಸದ್ದಿಗಿಂತ ಜೋರು. ಆಗ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು ‘ಮಾಲು ಸರಿಯಿಲ್ಲ, ಬಿಚ್ಚಿ ಬೇರೆ ಹಾಕೋಣ’ ಎಂಬುದು. ಆ ಮಾತಿಗೆ ತಲೆಯಾಡಿಸುವ ಮೊದಲು ನಾಲ್ಕು ಕೆಲಸ ಆಗಬೇಕು: ಕಾಯುವುದು, ಕೇಳುವುದು, ಅಳೆಯುವುದು, ಕೊನೆಗೆ ಬಿಚ್ಚುವುದು. ಹೊಸ ಲಿಫ್ಟರ್ ಸದ್ದು ಮಾಡುವುದಕ್ಕೆ ಸಾಮಾನ್ಯ ಕಾರಣ ಅದರೊಳಗೆ ಸಿಕ್ಕಿಬಿದ್ದ ಗಾಳಿ. ಅದರ ನಂತರದ್ದು ಅದಕ್ಕೆ ತಲುಪದ ಆಯಿಲ್. ಲಿಫ್ಟರೇ ಕೆಟ್ಟಿರುವ ಸಾಧ್ಯತೆ ಇದ್ದೇ ಇದೆ, ಆದರೆ ಸಾಲಿನಲ್ಲಿ ಅದು ಹಿಂದೆ ನಿಲ್ಲಬೇಕು.

ಇಲ್ಲಿ ಮುಖ್ಯವಾಗಿ ಎರಡು ಎಂಜಿನ್‌ಗಳನ್ನು ಎದುರಿಗಿಟ್ಟುಕೊಂಡಿದ್ದೇವೆ. ಒಂದು, ಫಿಯೆಟ್ ವಿನ್ಯಾಸದ 1.3 ಮಲ್ಟಿಜೆಟ್ ಡೀಸೆಲ್. 1248 ಸಿಸಿ, 16 ವಾಲ್ವ್, ಟೈಮಿಂಗ್ ಚೈನ್. ಸ್ವಿಫ್ಟ್, ಡಿಸೈರ್, ಎರ್ಟಿಗಾ, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾಗಳ ಡೀಸೆಲ್ ಮಾದರಿಗಳ ಬಾನೆಟ್ ಕೆಳಗೆ ಹೆಚ್ಚಾಗಿ ಇದೇ ಎಂಜಿನ್. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದ್ದರಿಂದ ರಸ್ತೆಯಲ್ಲಿರುವ ಇಂಥ ಸ್ವಿಫ್ಟ್‌ಗಳೆಲ್ಲ ಈಗ ಹಳೆಯವೇ. ಟ್ಯಾಕ್ಸಿಯಾಗಿ ಓಡಿದವು ಎರಡು ಲಕ್ಷ ಕಿಲೋಮೀಟರ್ ದಾಟಿರುತ್ತವೆ. ಇದರಲ್ಲಿ ಲಿಫ್ಟರ್ ಹೆಡ್‌ನ ಗುಳಿಯೊಳಗೆ ನಿಂತಿರುತ್ತದೆ, ಅದರ ತಲೆಯ ಮೇಲೆ ರೋಲರ್ ಇರುವ ಫಿಂಗರ್ ರಾಕರ್ (ವಾಲ್ವ್ ಒತ್ತುವ ಚಿಕ್ಕ ಸನ್ನೆ) ಊರಿಕೊಂಡಿರುತ್ತದೆ. ಎರಡನೆಯದು, ಸ್ಕೋಡಾ ಆಕ್ಟೇವಿಯಾದ 8 ವಾಲ್ವ್‌ನ 1.9 ಟಿಡಿಐ. ಅದರಲ್ಲಿ ವಾಲ್ವ್ ಒತ್ತಲು ರಾಕರ್ ಇಲ್ಲ. ಬಟ್ಟಲಿನಾಕಾರದ ಬಕೆಟ್ ಟ್ಯಾಪೆಟ್ ನೇರವಾಗಿ ಕ್ಯಾಮ್ ಕೆಳಗೆ ಕೂರುತ್ತದೆ. ಬೇರೆ ಎಂಜಿನ್‌ಗಳಿಗೂ ತರ್ಕ ಒಂದೇ, ಅಳತೆ ಬೇರೆ.

ಮಾರುತಿ 800ರಂಥ ಗಾಡಿಗೆ ಇದ್ಯಾವುದೂ ಅನ್ವಯಿಸದು. ಅದರಲ್ಲಿರುವುದು ಸ್ಕ್ರೂ ಮತ್ತು ನಟ್. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಟ್ಯಾಪೆಟ್ ಸೆಟ್ ಮಾಡಿದರೆ ಮುಗಿಯಿತು.

ಒಳಗೆ ನಡೆಯುವುದೇನು

ಲಿಫ್ಟರ್ ಎಂದರೆ ಒಂದು ಉಕ್ಕಿನ ಕೊಳವೆ, ಅದರೊಳಗೆ ಜಾರುವ ಪ್ಲಂಜರ್, ಪ್ಲಂಜರ್‌ನ ಅಡಿಯಲ್ಲಿ ಒಂದು ಸ್ಪ್ರಿಂಗ್ ಮತ್ತು ಸಾಸಿವೆಗಿಂತ ತುಸು ದೊಡ್ಡದಾದ ಚೆಕ್ ಬಾಲ್. ಕ್ಯಾಮ್‌ನ ದುಂಡು ಬೆನ್ನು ಎದುರಿಗಿದ್ದಾಗ ಸ್ಪ್ರಿಂಗ್ ಪ್ಲಂಜರ್ ಅನ್ನು ಮೇಲೆತ್ತಿ ಇರುವ ಸಂದನ್ನೆಲ್ಲ ತುಂಬುತ್ತದೆ. ಆಗ ಬಾಲ್ ಸರಿದು ಕೆಳಗಿನ ಕೋಣೆಗೆ ಆಯಿಲ್ ಇಳಿಯುತ್ತದೆ. ಕ್ಯಾಮ್‌ನ ಮೂಗು ಬಂದು ಒತ್ತಿದೊಡನೆ ಬಾಲ್ ಬಾಯಿ ಮುಚ್ಚುತ್ತದೆ. ಕೋಣೆಯೊಳಗಿನ ಆಯಿಲ್ ಕುಗ್ಗುವುದಿಲ್ಲ, ಆದ್ದರಿಂದ ಲಿಫ್ಟರ್ ಗಟ್ಟಿ ಕಂಬದಂತೆ ನಿಂತು ವಾಲ್ವ್ ತೆರೆಸುತ್ತದೆ. ಪ್ಲಂಜರ್ ಮತ್ತು ಕೊಳವೆಯ ನಡುವಿನ ಸಂದು ಕೆಲವೇ ಮೈಕ್ರಾನ್. ಅದರ ಮೂಲಕ ಪ್ರತಿ ಸಲವೂ ಒಂದಿಷ್ಟು ಆಯಿಲ್ ಜಿನುಗುತ್ತದೆ, ಮರುಸುತ್ತಿನಲ್ಲಿ ತುಂಬಿಕೊಳ್ಳುತ್ತದೆ.

ಈ ಕೋಣೆಯಲ್ಲಿ ಆಯಿಲ್ ಬದಲು ಗಾಳಿ ಇದ್ದರೆ? ಗಾಳಿ ಕುಗ್ಗುತ್ತದೆ. ಕಂಬ ಸ್ಪಂಜಿನಂತಾಗುತ್ತದೆ, ಕ್ಯಾಮ್ ಮತ್ತು ರಾಕರ್ ನಡುವೆ ಸಂದು ಬಿದ್ದು ಒಂದಕ್ಕೊಂದು ಬಡಿಯುತ್ತವೆ. ಆ ಬಡಿತವೇ ಟಕ್. ಮೈಕ್ರಾನ್ ಲೆಕ್ಕದ ಸಂದಿನೊಳಗೆ ಒಂದು ಕಸದ ಕಣ ಸಿಕ್ಕಿಕೊಂಡರೂ, ಬಾಲ್ ಕೆಳಗೆ ಸಿಲಿಕೋನ್‌ನ ಒಂದು ಚೂರು ಕೂತರೂ ಅದೇ ಸದ್ದು. ಆದ್ದರಿಂದ ಈ ಕೆಲಸದಲ್ಲಿ ಸ್ವಚ್ಛತೆ ಎಂಬುದು ಅಂದಚೆಂದದ ಮಾತಲ್ಲ.

ಇನ್ನೂ ಸ್ಟಾರ್ಟ್ ಮಾಡಿಲ್ಲವೆಂದರೆ

ಒಂದು: ಹೊಸ ಲಿಫ್ಟರ್‌ಗಳನ್ನು ಹಿಂದಿನ ರಾತ್ರಿಯೇ ಶುದ್ಧ ಎಂಜಿನ್ ಆಯಿಲ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಮುಳುಗಿಸಿಡಿ. ಮುಚ್ಚಳವಿರುವ ಡಬ್ಬಿ ಇರಲಿ, ಧೂಳು ಬೀಳಬಾರದು. ಅಡ್ಡ ಮಲಗಿಸಿದರೆ ಗಾಳಿ ಹೊರಬರದು.

ಎರಡು: ಮಲ್ಟಿಜೆಟ್‌ನಲ್ಲಿರುವಂಥ ರಾಕರ್ ಕೆಳಗಿನ ಲಿಫ್ಟರ್‌ನ ತಲೆಯಲ್ಲಿ ಚಿಕ್ಕ ತೂತು ಇರುತ್ತದೆ. ಆಯಿಲ್‌ನಲ್ಲಿ ಮುಳುಗಿರುವಾಗಲೇ ಅರ್ಧ ಮಿಲಿಮೀಟರ್ ದಪ್ಪದ ನಯ ತುದಿಯ ತಂತಿಯಿಂದ ಚೆಕ್ ಬಾಲ್ ಅನ್ನು ಹಗುರವಾಗಿ ಒತ್ತಿಹಿಡಿದು ಪ್ಲಂಜರ್ ಅನ್ನು ಐದಾರು ಸಲ ಮೇಲೆ ಕೆಳಗೆ ಆಡಿಸಿ. ಗುಳ್ಳೆ ನಿಂತ ಮೇಲೆ ತಂತಿ ತೆಗೆದು ಹೆಬ್ಬೆರಳಲ್ಲಿ ಒತ್ತಿ. ಕಲ್ಲಿನಂತಿದ್ದರೆ ಸರಿ, ಸ್ಪಂಜಿನಂತೆ ಇಳಿದರೆ ಗಾಳಿ ಉಳಿದಿದೆ. ತಂತಿಯ ತುದಿ ಚೂಪಾಗಿದ್ದರೆ ಬಾಲ್ ಕೂರುವ ಜಾಗಕ್ಕೆ ಗೀರು ಬೀಳುತ್ತದೆ; ಆ ಲಿಫ್ಟರ್ ಮತ್ತೆಂದೂ ಆಯಿಲ್ ಹಿಡಿಯದು. ಬಕೆಟ್ ಟ್ಯಾಪೆಟ್‌ಗೆ ಈ ತಂತಿ ವಿದ್ಯೆ ಬೇಡ, ನೆನೆಸಿದರೆ ಸಾಕು.

ಮೂರು: ಲಿಫ್ಟರ್ ಕೂರಿಸಿ ಕ್ಯಾಮ್ ಬಿಗಿದ ಮೇಲೆ ಕನಿಷ್ಠ 30 ನಿಮಿಷ ಎಂಜಿನ್ ಮುಟ್ಟಬೇಡಿ. ಫೋಕ್ಸ್‌ವ್ಯಾಗನ್ ಗುಂಪಿನ ವರ್ಕ್‌ಶಾಪ್ ಪುಸ್ತಕಗಳಲ್ಲಿ ಈ ಎಚ್ಚರಿಕೆ ತಪ್ಪದೆ ಬರುತ್ತದೆ, ಮತ್ತು ಕಾರಣ ಗಟ್ಟಿಯಾದದ್ದು. ತುಂಬಿಕೊಂಡ ಲಿಫ್ಟರ್ ಪೂರ್ತಿ ಉದ್ದವಾಗಿರುತ್ತದೆ. ಅದು ಆಯಿಲ್ ಜಿನುಗಿಸಿ ಸರಿಯಾದ ಎತ್ತರಕ್ಕೆ ಇಳಿಯುವ ಮೊದಲೇ ಸೆಲ್ಫ್ ಹೊಡೆದರೆ ವಾಲ್ವ್ ಬೇಕಾದ್ದಕ್ಕಿಂತ ಹೆಚ್ಚು ತೆರೆದು ಪಿಸ್ಟನ್‌ಗೆ ತಗಲುತ್ತದೆ. ಕಾದ ಮೇಲೂ ಮೊದಲು ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಟೈಮಿಂಗ್ ಮತ್ತೆ ನೋಡಿ.

ನಾಲ್ಕು: ಆಯಿಲ್ ಮತ್ತು ಫಿಲ್ಟರ್ ಎರಡೂ ಹೊಸದಿರಲಿ. ಸಾವಿರ ಕಿಲೋಮೀಟರ್ ಹಿಂದಷ್ಟೇ ಬದಲಿಸಿದ್ದು ಎಂದು ಹಳೆಯದನ್ನೇ ಸುರಿಯುವವರಿದ್ದಾರೆ. ಹೆಡ್ ಬಿಚ್ಚಿದಾಗ ಅದರೊಳಗೆ ಏನೇನು ಬಿದ್ದಿದೆಯೋ.

ಐದು: ಇಂಧನ ಕಡಿದು ಬರೀ ಸೆಲ್ಫ್ ಹೊಡೆಯಿರಿ. ಇಂಧನ ಪಂಪಿನ ಅಥವಾ ಇಂಜೆಕ್ಷನ್ನಿನ ಫ್ಯೂಸ್ ತೆಗೆದರೆ ಆಯಿತು. ಕಾಮನ್ ರೇಲ್ ಡೀಸೆಲ್‌ನಲ್ಲಿ ಹೈ ಪ್ರೆಶರ್ ಪೈಪಿನ ನಟ್ ಮಾತ್ರ ಸಡಿಲಿಸಬೇಡಿ. ಸಾವಿರಾರು ಪಿಎಸ್ಐ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹತ್ತು ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡಿ, ಹೀಗೆ ಮೂರು ನಾಲ್ಕು ಸಲ. ಆಯಿಲ್ ದೀಪ ಆರಿದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಚೆಕ್ ಎಂಜಿನ್ ದೀಪ ಹೊತ್ತಿಕೊಂಡರೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದರೆ ಹೋಗುತ್ತದೆ.

ಸ್ಟಾರ್ಟ್ ಆದ ಮೇಲೆ ಗಾಳಿ ಓಡಿಸುವುದು

ಮೊದಲ ಹತ್ತು ಸೆಕೆಂಡಿನಲ್ಲಿ ಕಣ್ಣು ಆಯಿಲ್ ದೀಪದ ಮೇಲಿರಲಿ, ಕಿವಿಯದಲ್ಲ ಈಗಿನ ಕೆಲಸ. ದೀಪ ಆರದಿದ್ದರೆ ತಕ್ಷಣ ಬಂದ್ ಮಾಡಿ.

ದೀಪ ಆರಿದರೆ ಸದ್ದು ಇದ್ದರೂ ಇರಲಿ, ಐಡ್ಲಿಂಗ್‌ಗಿಂತ ಸ್ವಲ್ಪ ಮೇಲೆ, 1200–1500 ಆರ್‌ಪಿಎಂನಲ್ಲಿ ಬಿಸಿಯಾಗಲು ಬಿಡಿ. ತಣ್ಣಗಿರುವಾಗ ಜೋರಾಗಿ ರೇಸ್ ಕೊಟ್ಟರೆ ಗಾಳಿ ಹೋಗುವುದಿಲ್ಲ, ಬರೀ ಬಡಿತ ಹೆಚ್ಚುತ್ತದೆ. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿದ ಮೇಲೆ 2500 ಆರ್‌ಪಿಎಂಗೆ ಏರಿಸಿ ಎರಡು ನಿಮಿಷ ಹಿಡಿಯಿರಿ, ನಿಧಾನವಾಗಿ ಬಿಟ್ಟು ಅರ್ಧ ನಿಮಿಷ ಐಡ್ಲಿಂಗ್‌ನಲ್ಲಿ ಕೇಳಿ. ಮತ್ತೆ ಏರಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ 16 ಲಿಫ್ಟರ್‌ಗಳಲ್ಲಿ ಹೆಚ್ಚಿನವು ಒಂದೊಂದಾಗಿ ಸುಮ್ಮನಾಗುವುದು ಕಿವಿಗೇ ತಿಳಿಯುತ್ತದೆ. ಟರ್ಬೋ ಗಾಡಿಯನ್ನು ರೇಸ್ ಬಿಟ್ಟ ಕೂಡಲೇ ಬಂದ್ ಮಾಡಬಾರದು, ಒಂದು ನಿಮಿಷ ಐಡ್ಲಿಂಗ್ ಕೊಡಿ.

ಒಂದೆರಡು ಹಟಮಾರಿಗಳು ಉಳಿದರೆ ಗಾಡಿಯನ್ನು ರಸ್ತೆಗಿಳಿಸಿ. ನಿಂತಲ್ಲೇ ರೇಸ್ ಕೊಡುವುದಕ್ಕಿಂತ ಇಪ್ಪತ್ತು ಮೂವತ್ತು ಕಿಲೋಮೀಟರ್ ಬೈಪಾಸ್ ಓಟ ಹೆಚ್ಚು ಕೆಲಸ ಮಾಡುತ್ತದೆ. ಬಂದು ರಾತ್ರಿಯಿಡೀ ತಣಿಯಲು ಬಿಡಿ. ಎಂಜಿನ್ ನಿಂತಾಗ ಯಾವುದೋ ಕ್ಯಾಮ್‌ನ ಮೂಗು ಯಾವುದೋ ಲಿಫ್ಟರ್ ಮೇಲೆ ಒತ್ತಿಕೊಂಡು ಕೂತಿರುತ್ತದೆ. ಬೆಳಗಿನ ಹೊತ್ತಿಗೆ ಅದರ ಆಯಿಲ್ ಗಾಳಿ ಎರಡೂ ಹೊರಬಂದಿರುತ್ತವೆ, ಮರುಸ್ಟಾರ್ಟ್‌ನಲ್ಲಿ ಹೊಸದಾಗಿ ತುಂಬಿಕೊಳ್ಳುತ್ತದೆ. ಎರಡು ಮೂರು ದಿನ ಹೀಗೆ ಬಿಸಿ ತಣ್ಣಗೆ ಆದ ಮೇಲೂ ಅದೇ ಜಾಗದಲ್ಲಿ ಅದೇ ಸದ್ದು ಉಳಿದರೆ ಮಾತ್ರ ಕಾಯುವುದನ್ನು ಬಿಟ್ಟು ಮುಂದಿನ ಹೆಜ್ಜೆ.

ಸದ್ದು ಯಾವಾಗ ಬರುತ್ತದೆ?

ಇದೊಂದನ್ನು ಸರಿಯಾಗಿ ಗಮನಿಸಿದರೆ ಅರ್ಧ ರೋಗ ಪತ್ತೆಯಾದಂತೆ. ಎರಡು ದಿನ ಒಂದು ಚೀಟಿಯಲ್ಲಿ ಬರೆದಿಡಿ.

ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಎರಡು ಮೂರು ಸೆಕೆಂಡ್ ಟಕ್ ಅಂದು ನಿಂತರೆ ಅದು ರೋಗವೇ ಅಲ್ಲ. ಅರ್ಧ ನಿಮಿಷಕ್ಕಿಂತ ಹೆಚ್ಚು ಎಳೆದರೆ ಆಯಿಲ್ ಮೇಲೇರಲು ತಡವಾಗುತ್ತಿದೆ: ಫಿಲ್ಟರ್‌ನ ಹಿಮ್ಮುಖ ತಡೆ ವಾಲ್ವ್ ಆಯಿಲ್ ಹಿಡಿದಿಟ್ಟುಕೊಳ್ಳುತ್ತಿಲ್ಲ, ಇಲ್ಲವೇ ಆಯಿಲ್ ತೀರಾ ಮಂದ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ 20ಡಬ್ಲ್ಯೂ-50 ಹಾಕಿದ ಮಲ್ಟಿಜೆಟ್ ಟಕಟಕ ಅಂದರೆ ದೂರಬೇಕಾದ್ದು ಲಿಫ್ಟರನ್ನಲ್ಲ.

ತಣ್ಣಗಿರುವಾಗ ಮೌನ, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಸದ್ದು. ಇದು ಕೆಟ್ಟ ಲಕ್ಷಣ. ಆಯಿಲ್ ತೆಳುವಾದಾಗ ಒತ್ತಡ ಸಾಲುತ್ತಿಲ್ಲ ಎಂದರ್ಥ. ಪಂಪ್, ಬೇರಿಂಗ್, ಸ್ಟ್ರೈನರ್ (ಪಂಪ್ ಆಯಿಲ್ ಹೀರುವ ಬಾಯಿಯ ಜಾಲರಿ) ಕಡೆ ನೋಡಬೇಕು.

ಐಡ್ಲಿಂಗ್‌ನಲ್ಲಿ ಮೌನ, ಹೈವೇ ಓಟದಲ್ಲಿ ಅಥವಾ ಓಡಿ ಬಂದು ನಿಂತ ಕೂಡಲೇ ಸದ್ದು. ಆಯಿಲ್‌ನಲ್ಲಿ ನೊರೆ. ಒಂದೋ ಲೆವೆಲ್ ಜಾಸ್ತಿಯಾಗಿ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆಯುತ್ತಿದೆ, ಇಲ್ಲವೇ ಲೆವೆಲ್ ಕಡಿಮೆಯಾಗಿ ಅಥವಾ ಸ್ಟ್ರೈನರ್ ಪೈಪಿನ ಓ-ರಿಂಗ್ ಒಡೆದು ಪಂಪ್ ಗಾಳಿ ಹೀರುತ್ತಿದೆ.

ತಣ್ಣಗಿದ್ದರೂ ಬಿಸಿಯಿದ್ದರೂ, ನಿಂತರೂ ಓಡಿದರೂ, ಒಂದೇ ಜಾಗದಿಂದ ಒಂದೇ ತಾಳದಲ್ಲಿ ಟಕ್. ಲಿಫ್ಟರ್, ರಾಕರ್ ಅಥವಾ ಕ್ಯಾಮ್‌ನಲ್ಲೇ ದೋಷವಿದೆ.

ತಾಳ ಎಣಿಸುವುದೂ ಒಂದು ಉಪಾಯ. ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಟಕ್ ಅನ್ನಬೇಕು. ಅದರ ಎರಡರಷ್ಟು ಬೇಗ ಬಂದರೆ ಪುಲ್ಲಿ, ಫ್ಲೈವೀಲ್ ಕಡೆಯ ಸದ್ದು. ಆದರೆ ಇಂಜೆಕ್ಟರ್ ಕೂಡ ಅರ್ಧ ವೇಗದಲ್ಲೇ ಬಡಿಯುವುದರಿಂದ ತಾಳ ಒಂದನ್ನೇ ನಂಬಿ ಲಿಫ್ಟರ್‌ಗೆ ಶಿಕ್ಷೆ ಕೊಡಬೇಡಿ.

ಲಿಫ್ಟರ್ ವೇಷದ ಬೇರೆ ಸದ್ದುಗಳು

ಮೆಕ್ಯಾನಿಕ್‌ಗಳು ಬಳಸುವ ಸ್ಟೆಥೊಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಸದ್ದು ಬರುವ ಜಾಗಕ್ಕೆ ಊರಿ ಹಿಡಿಯನ್ನು ಕಿವಿಗೊತ್ತಿ. ಬೆಲ್ಟ್ ಫ್ಯಾನ್‌ಗಳಿಂದ ಕೂದಲು, ಅಂಗಿತೋಳು ದೂರವಿರಲಿ.

ಮಲ್ಟಿಜೆಟ್‌ನಲ್ಲಿ ಹೆಚ್ಚು ಮೋಸ ಮಾಡುವುದು ಟೈಮಿಂಗ್ ಚೈನ್. ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಹಾಗಾಗಿ ತಣ್ಣನೆಯ ಸ್ಟಾರ್ಟ್‌ಗೆ ಸದ್ದು, ಬಿಸಿಯಾದಂತೆ ಕಡಿಮೆ ಎಂಬ ಲಕ್ಷಣ ಎರಡಕ್ಕೂ ಒಂದೇ. ವ್ಯತ್ಯಾಸ ಇಷ್ಟೆ: ಚೈನ್‌ನದು ಟಕ್ ಅಲ್ಲ, ಸರಪಳಿ ಎಳೆದಂತೆ ಘರ್‌ಘರ್, ಮತ್ತು ಚೈನ್ ಕವರ್ ಇರುವ ತುದಿಯಲ್ಲಿ ಜೋರು. ಇದನ್ನು ಕಡೆಗಣಿಸಬೇಡಿ. ಸಡಿಲ ಚೈನ್ ಒಂದೆರಡು ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ರಾಕರ್‌ಗಳು ಮುರಿಯುತ್ತವೆ.

ಇಂಜೆಕ್ಟರ್: ಎಂಜಿನ್ ಬಂದ್ ಮಾಡಿ ಒಂದು ಇಂಜೆಕ್ಟರ್‌ನ ಕನೆಕ್ಟರ್ ಕಳಚಿ ಸ್ಟಾರ್ಟ್ ಮಾಡಿ. ಟಕ್ ಮಾಯವಾದರೆ ಅದು ಇಂಜೆಕ್ಟರ್ ಅಥವಾ ಆ ಸಿಲಿಂಡರಿನ ದಹನದ ಸದ್ದು. ಎಂಜಿನ್ ನಡುಗಿದರೂ ಟಕ್ ಹಾಗೆಯೇ ಉಳಿದರೆ ವಾಲ್ವ್ ಕಡೆಯದು. ಹೆಡ್ ಕೆಲಸದ ಹೊತ್ತಿಗೆ ಇಂಜೆಕ್ಟರ್ ತೆಗೆದು ಹಳೆಯ ತಾಮ್ರದ ವಾಷರ್ ಮೇಲೆಯೇ ಕೂರಿಸಿದ್ದರೆ ಬುಡದಿಂದ ಕಂಪ್ರೆಷನ್ ಸೋರಿ ಚಫ್ ಚಫ್ ಅನ್ನುತ್ತದೆ, ಕೆಲವೇ ದಿನದಲ್ಲಿ ಅಲ್ಲಿ ಡಾಂಬರಿನಂಥ ಕರಿ ಕಟ್ಟುತ್ತದೆ. ಸೋಪಿನ ನೀರು ಬಿಟ್ಟರೆ ಗುಳ್ಳೆ ಕಾಣುತ್ತದೆ.

ಬ್ರೇಕ್‌ಗೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪ್ ಡೀಸೆಲ್ ಎಂಜಿನ್‌ಗಳಲ್ಲಿ ಕ್ಯಾಮ್‌ನ ತುದಿಗೇ ಜೋಡಣೆಯಾಗಿರುವುದುಂಟು. ಅದರ ಕಪ್ಲಿಂಗ್ ಸವೆದರೂ ಅಚ್ಚು ಲಿಫ್ಟರ್‌ನಂತೆಯೇ ಸದ್ದು. ನಿಂತ ಗಾಡಿಯಲ್ಲಿ ಅದರ ಪೈಪ್ ಕಳಚಿ ನೋಡಿ, ಸದ್ದಿನ ಬಣ್ಣ ಬದಲಾದರೆ ಅನುಮಾನ ಅಲ್ಲಿಗೇ. ಪೈಪ್ ಮತ್ತೆ ಹಾಕದೆ ಗಾಡಿ ಓಡಿಸಬಾರದು, ಬ್ರೇಕ್ ಕಲ್ಲಾಗುತ್ತದೆ.

ಇನ್ನು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕಡೆಯಿಂದ ಬರುವ ದಪ್ಪ ಗುದ್ದು, ಏರಿನಲ್ಲಿ ಹೆಚ್ಚುವಂಥದ್ದು, ಕನೆಕ್ಟಿಂಗ್ ರಾಡ್ ಬೇರಿಂಗ್‌ನದು. ಅಂಥ ಗಾಡಿಯನ್ನು ಟೋ ಮಾಡಿಸಿ.

ಆಯಿಲ್: ಲೆವೆಲ್, ದರ್ಜೆ, ಒತ್ತಡ

ಹೆಡ್ ಕೆಲಸದ ನಂತರ ಫಿಲ್ಟರ್ ಮತ್ತು ಕಾಲುವೆಗಳು ಖಾಲಿಯಿರುತ್ತವೆ. ಮೊದಲು ತುಂಬಿದಾಗ ಮ್ಯಾಕ್ಸ್ ತೋರಿಸಿದ್ದು ಎಂಜಿನ್ ಓಡಿದ ಮೇಲೆ ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಂದ್ ಮಾಡಿ ಹತ್ತು ನಿಮಿಷದ ನಂತರ ಡಿಪ್‌ಸ್ಟಿಕ್ ನೋಡಿ. ಮಿನ್ ಮತ್ತು ಮ್ಯಾಕ್ಸ್ ನಡುವೆ, ಮ್ಯಾಕ್ಸ್‌ಗೆ ಹತ್ತಿರವಿರಲಿ, ಅದನ್ನು ದಾಟದಿರಲಿ. ಮೂಸಿಯೂ ನೋಡಿ: ಡೀಸೆಲ್ ವಾಸನೆ ಬಂದು ಲೆವೆಲ್ ತಾನಾಗಿಯೇ ಏರುತ್ತಿದ್ದರೆ ಇಂಧನ ಆಯಿಲ್‌ಗೆ ಇಳಿದು ಅದನ್ನು ತೆಳು ಮಾಡುತ್ತಿದೆ. ಲಿಫ್ಟರ್ ಸದ್ದು ಅದರ ಒಂದು ಲಕ್ಷಣ ಮಾತ್ರ.

ದರ್ಜೆಯ ವಿಷಯದಲ್ಲಿ ಕಾರಿನ ಕೈಪಿಡಿಯೇ ಪ್ರಮಾಣ. ಮಲ್ಟಿಜೆಟ್‌ಗೆ 5ಡಬ್ಲ್ಯೂ-30 ಅಥವಾ 5ಡಬ್ಲ್ಯೂ-40 ವರ್ಗದ ಸಿಂಥೆಟಿಕ್. ಪಂಪ್-ಡ್ಯೂಸ್ ಮಾದರಿಯ (ಪಂಪ್ ಮತ್ತು ಇಂಜೆಕ್ಟರ್ ಒಂದೇ ಭಾಗವಾಗಿರುವ) 1.9 ಟಿಡಿಐಗೆ ಡಬ್ಬಿಯ ಮೇಲೆ ಫೋಕ್ಸ್‌ವ್ಯಾಗನ್ 505.01 ಮಾನದಂಡದ ಹೆಸರು ಇರಲೇಬೇಕು. ಅದರ ಕ್ಯಾಮ್ ವಾಲ್ವ್ ಜೊತೆಗೆ ಇಂಜೆಕ್ಟರನ್ನೂ ಒತ್ತುವುದರಿಂದ ವಾಲ್ವ್ ಒತ್ತುವ ಲೋಬ್ (ಕ್ಯಾಮ್‌ನ ಉಬ್ಬು) ಅಗಲ ಕಡಿಮೆ, ಹೊರೆ ಹೆಚ್ಚು. ತಪ್ಪು ಆಯಿಲ್‌ನಲ್ಲಿ ಲೋಬ್ ಮತ್ತು ಟ್ಯಾಪೆಟ್ ತಲೆ ಎರಡೂ ಸವೆಯುತ್ತವೆ.

ಒತ್ತಡ ಅಳೆಯುವುದನ್ನು ನಮ್ಮ ಕಡೆ ಬಹುತೇಕರು ಬಿಟ್ಟೇಬಿಡುತ್ತಾರೆ. ‘ದೀಪ ಆರಿದೆಯಲ್ಲ’ ಎಂಬುದು ಉತ್ತರವಲ್ಲ. ದೀಪ ಹೊತ್ತುವುದು ಒತ್ತಡ ಅರ್ಧ ಬಾರ್‌ನ ಆಸುಪಾಸಿಗೆ ಕುಸಿದಾಗ. ಲಿಫ್ಟರ್‌ಗಳು ಅದಕ್ಕೂ ಬಹಳ ಮೊದಲೇ ಹಸಿದಿರುತ್ತವೆ. ಒತ್ತಡದ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಗೇಜ್ ತಿರುಗಿಸಿ. ಎಂಜಿನ್ ಪೂರ್ತಿ ಬಿಸಿಯಾಗಿ ಆಯಿಲ್ 80 ಡಿಗ್ರಿ ಮುಟ್ಟಿರಬೇಕು. 1.9 ಟಿಡಿಐಯಲ್ಲಿ 2000 ಆರ್‌ಪಿಎಂಗೆ ಕನಿಷ್ಠ 2 ಬಾರ್ ಬರಬೇಕು. ಬಿಸಿ ಐಡ್ಲಿಂಗ್‌ನಲ್ಲಿ 1 ಬಾರ್‌ನ ಸುತ್ತಮುತ್ತ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಿಮ್ಮ ಎಂಜಿನ್ನಿನ ನಿಖರ ಅಂಕಿ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ.

ಒತ್ತಡ ಕಡಿಮೆಯಿದ್ದರೆ ಹೆಡ್ ಮುಟ್ಟಬೇಡಿ, ಚೇಂಬರ್ ಇಳಿಸಿ. ಸ್ಟ್ರೈನರ್ ಜಾಲರಿಯಲ್ಲಿ ಸಿಲಿಕೋನ್ ಗೋಂದಿನ ಬಿಳಿ, ಬೂದು ಎಳೆಗಳು ಸಿಕ್ಕಿಕೊಂಡಿರುವುದು ರಿಪೇರಿಯಾದ ಎಂಜಿನ್‌ಗಳಲ್ಲಿ ತೀರಾ ಮಾಮೂಲು. ಗೋಂದು ಹೊರಕ್ಕೆ ಉಬ್ಬಿ ಬಂದಷ್ಟೇ ಒಳಕ್ಕೂ ಉಬ್ಬಿರುತ್ತದೆ. ಮೂರು ಮಿಲಿಮೀಟರ್ ಗೆರೆ ಸಾಕು ಎಂಬಲ್ಲಿ ಅರ್ಧ ಟ್ಯೂಬ್ ಮೆತ್ತುವ ಕೈಗಳೇ ಹೆಚ್ಚು.

ಒತ್ತಡ ಸರಿಯಿದ್ದೂ ಹೆಡ್‌ನ ಎಲ್ಲ ಲಿಫ್ಟರ್‌ಗಳೂ ಒಟ್ಟಿಗೆ ಕೂಗುತ್ತಿದ್ದರೆ ಹೆಡ್‌ಗೆ ಹೋಗುವ ದಾರಿ ಕಟ್ಟಿದೆ. ಹೆಡ್ ಗ್ಯಾಸ್ಕೆಟ್ ತಿರುಗುಮುರುಗಾಗಿ ಕೂತು ಆಯಿಲ್ ತೂತು ಮುಚ್ಚಿರಬಹುದು, ಅಥವಾ ಅದೇ ಗೋಂದು ಕಾಲುವೆಯ ಬಾಯಿಗೆ ಹರಿದಿರಬಹುದು. 16 ಹೊಸ ಲಿಫ್ಟರ್‌ಗಳು ಒಮ್ಮೆಗೇ ಕೆಟ್ಟಿರುತ್ತವೆ ಎಂಬುದು ನಂಬುವ ಮಾತಲ್ಲ.

ಬಿಚ್ಚಲೇಬೇಕಾದಾಗ

ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿ. ಡೀಸೆಲ್‌ನಲ್ಲಿ ಗ್ಲೋ ಪ್ಲಗ್ ತೆಗೆದ ತೂತಿನಿಂದ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿದರೆ ಅಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಇರಬಹುದು. ಇದಕ್ಕೂ ಸದ್ದಿಗೂ ಇರುವ ನಂಟನ್ನು ಮುಂದೆ ನೋಡೋಣ.

ಬಕೆಟ್ ಟ್ಯಾಪೆಟ್ ಎಂಜಿನ್‌ನಲ್ಲಿ ಕವರ್ ತೆಗೆದರೆ ಸಾಕು, ಕಳ್ಳ ಸಿಗುತ್ತಾನೆ. ಎಂಜಿನ್ ಬಿಸಿಯಿರುವಾಗಲೇ ಬಂದ್ ಮಾಡಿ, ಕ್ರ್ಯಾಂಕ್ ತಿರುಗಿಸುತ್ತ ಒಂದೊಂದೇ ಕ್ಯಾಮ್ ಮೂಗನ್ನು ಮೇಲಕ್ಕೆ ತನ್ನಿ. ಮರದ ಅಥವಾ ಪ್ಲಾಸ್ಟಿಕ್ ಬೆಣೆಯಿಂದ ಬಕೆಟ್ ಅನ್ನು ಕೆಳಗೆ ಒತ್ತಿ. ಕ್ಯಾಮ್ ಬೆನ್ನಿಗೂ ಬಕೆಟ್‌ಗೂ ನಡುವೆ 0.2 ಮಿಲಿಮೀಟರ್ ಫೀಲರ್ ನುಗ್ಗಿದರೆ ಆ ಟ್ಯಾಪೆಟ್ ಬದಲಿಸಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ಒತ್ತಬೇಡಿ.

ಮಲ್ಟಿಜೆಟ್‌ನಲ್ಲಿ ಆ ಅನುಕೂಲವಿಲ್ಲ. ಕ್ಯಾಮ್‌ಗಳು ಹೆಡ್ ಮೇಲಿನ ಪ್ರತ್ಯೇಕ ಕ್ಯಾರಿಯರ್ ಒಳಗಿರುತ್ತವೆ. ಲಿಫ್ಟರ್ ಕಾಣಬೇಕೆಂದರೆ ಕ್ಯಾರಿಯರ್ ಏಳಬೇಕು, ಅದಕ್ಕೂ ಮೊದಲು ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡುವ ಟೈಮಿಂಗ್ ಪಿನ್‌ಗಳು ಬೇಕು. ವೈಟ್ನರ್ ಗುರುತು ಹಾಕಿ ಅಂದಾಜಿಗೆ ಕೂರಿಸುವ ಕೆಲಸ ಇದಲ್ಲ. ಪಿನ್ ಸೆಟ್ ಇಲ್ಲದ ಗ್ಯಾರೇಜಿಗೆ ಈ ಎಂಜಿನ್ ಕೊಡಬೇಡಿ.

ತೆರೆದ ಮೇಲೆ ಲಿಫ್ಟರ್‌ಗಳನ್ನು ಕಲಬೆರಕೆ ಮಾಡದೆ ನಂಬರ್ ಬರೆದ ಪ್ಲಾಸ್ಟಿಕ್ ಮೊಟ್ಟೆ ಟ್ರೇಯಲ್ಲಿ ನೆಟ್ಟಗೆ ಇಡಿ. ಕಾಗದದ ಟ್ರೇ ಬೇಡ, ನಾರು ಬಿಡುತ್ತದೆ. ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿ ನೋಡಿ. ಮೆತ್ತಗಿರುವುದನ್ನು ಪಕ್ಕಕ್ಕಿಟ್ಟು ಮೊದಲು ಹೇಳಿದಂತೆ ಆಯಿಲ್‌ನಲ್ಲಿ ಮುಳುಗಿಸಿ ಗಾಳಿ ತೆಗೆಯಿರಿ. ಗಟ್ಟಿಯಾಗಿ ಹತ್ತು ನಿಮಿಷದಲ್ಲಿ ಮತ್ತೆ ಮೆತ್ತಗಾದರೆ ಅದರ ಚೆಕ್ ಬಾಲ್ ಕೂರುತ್ತಿಲ್ಲ, ಎಸೆಯಿರಿ. ನಂತರ ನೋಡಬೇಕಾದ್ದು ಲಿಫ್ಟರ್ ಅಲ್ಲ, ಅದರ ನೆರೆಹೊರೆ:

ರಾಕರ್‌ನ ರೋಲರ್ ಅಲ್ಲಾಡುತ್ತಿದೆಯೇ, ತಿರುಗಿಸಿದರೆ ಗರಗರ ಅನ್ನುತ್ತಿದೆಯೇ? ಹಳೆಯ ರಾಕರ್ ಮೇಲೆ ಹೊಸ ಲಿಫ್ಟರ್ ಹಾಕಿ ಹಣ ಉಳಿಸಿದ ಎಷ್ಟೋ ಕಡೆ ಸದ್ದು ಉಳಿಯುವುದು ಇಲ್ಲೇ. ರಾಕರ್ ಲಿಫ್ಟರ್ ತಲೆಯ ಮೇಲೂ ವಾಲ್ವ್ ತುದಿಯ ಮೇಲೂ ನೆಟ್ಟಗೆ ಕೂತಿತ್ತೇ, ಕ್ಲಿಪ್ ಜಾರಿ ಪಕ್ಕಕ್ಕೆ ಹೊರಳಿತ್ತೇ?

ಕ್ಯಾಮ್ ಲೋಬ್‌ಗಳ ಎತ್ತರವನ್ನು ಮೈಕ್ರೋಮೀಟರ್‌ನಿಂದ ಅಳೆದು ಒಂದೇ ಜಾತಿಯವನ್ನು ಹೋಲಿಸಿ, ಇನ್‌ಟೇಕ್ ಇನ್‌ಟೇಕ್ ಜೊತೆ, ಎಕ್ಸಾಸ್ಟ್ ಎಕ್ಸಾಸ್ಟ್ ಜೊತೆ. ಒಂದು ಮಾತ್ರ ಗಿಡ್ಡವಾಗಿದ್ದರೆ ಕ್ಯಾಮ್ ಬದಲಿಸದೆ ಸದ್ದು ಹೋಗದು. ಬಕೆಟ್‌ನ ತಲೆ ಬಟ್ಟಲಿನಂತೆ ತಗ್ಗಾಗಿದ್ದರೂ ಅಷ್ಟೆ.

ಲಿಫ್ಟರ್ ಕೂರುವ ಗುಳಿಯಲ್ಲಿ ಗೀರು, ಸಡಿಲ ಇದ್ದರೆ ಆಯಿಲ್ ಲಿಫ್ಟರ್ ಒಳಗೆ ಹೋಗುವ ಬದಲು ಸುತ್ತಲಿಂದ ಸೋರುತ್ತದೆ. ಗುಳಿಯ ಬದಿಯಲ್ಲಿರುವ ಆಯಿಲ್ ತೂತಿಗೆ ಕಂಪ್ರೆಸರ್ ಗಾಳಿ ಬಿಟ್ಟು ಪ್ರತಿಯೊಂದರಿಂದಲೂ ಗಾಳಿ ಬರುವುದನ್ನು ಖಾತ್ರಿ ಮಾಡಿಕೊಳ್ಳಿ.

ಕೊನೆಯದು, ಹೆಡ್ ಲೇತ್ ಅಂಗಡಿಗೆ ಹೋಗಿ ಬಂದಿದ್ದರೆ ಮೊದಲೇ ಕೇಳಬೇಕಾದದ್ದು: ವಾಲ್ವ್ ಸೀಟ್ ಕತ್ತರಿಸಿದ್ದಾರೆಯೇ? ಸೀಟ್ ಕತ್ತರಿಸಿದಷ್ಟೂ ವಾಲ್ವ್ ಒಳಗಿಳಿದು ಅದರ ಬಾಲ ಮೇಲೇರುತ್ತದೆ. ಪ್ಲಂಜರ್‌ನ ಓಡಾಟ ಇರುವುದೇ ಕೆಲವು ಮಿಲಿಮೀಟರ್. ಬಾಲ ತೀರಾ ಮೇಲೇರಿದರೆ ಪ್ಲಂಜರ್ ತಳ ಮುಟ್ಟಿ ವಾಲ್ವ್ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಆಗ ಟಕ್ ಸದ್ದೇ ಇರುವುದಿಲ್ಲ, ಕಂಪ್ರೆಷನ್ ಕಡಿಮೆ, ಎಂಜಿನ್ ನಡುಕ, ಕೆಲವು ಸಾವಿರ ಕಿಲೋಮೀಟರ್‌ನಲ್ಲಿ ಸುಟ್ಟ ವಾಲ್ವ್. ಸದ್ದಿಲ್ಲದ ಈ ರೋಗ ಸದ್ದಿಗಿಂತ ದುಬಾರಿ. ಇದಕ್ಕೆ ಉಲ್ಟಾ, ಬಾಲವನ್ನು ಹೆಚ್ಚಾಗಿ ಉಜ್ಜಿ ಗಿಡ್ಡ ಮಾಡಿದ್ದರೆ ಪ್ಲಂಜರ್ ಪೂರ್ತಿ ಚಾಚಿದರೂ ಸಂದು ತುಂಬದು. ಎಷ್ಟು ಹೊಸ ಲಿಫ್ಟರ್ ಹಾಕಿದರೂ ಟಕ್ ಟಕ್ ನಿಲ್ಲುವುದಿಲ್ಲ. ಎಲ್ಲ ವಾಲ್ವ್ ಬಾಲಗಳ ಮೇಲೆ ನೇರ ಅಂಚಿನ ಪಟ್ಟಿ ಇಟ್ಟರೆ ಏರುಪೇರು ಕಣ್ಣಿಗೇ ಬೀಳುತ್ತದೆ.

ಅಮೆರಿಕದಲ್ಲಿ ಹಳೆಯ ಶೆವರ್ಲೆ ವಿ8 ಸಾಕಿಕೊಂಡಿರುವ ಕನ್ನಡಿಗರಿಗೆ ಒಂದು ಮಾತು: ಪುಶ್‌ರಾಡ್ (ಲಿಫ್ಟರ್ ಮತ್ತು ರಾಕರ್ ನಡುವಿನ ಉದ್ದ ಸರಳು) ಇರುವ ಎಂಜಿನ್‌ನಲ್ಲಿ ರಾಕರ್ ನಟ್ ಅನ್ನು ಸಂದು ಶೂನ್ಯವಾಗುವವರೆಗೆ ತಿರುಗಿಸಿ, ಅಲ್ಲಿಂದ ಅರ್ಧದಿಂದ ಒಂದು ಸುತ್ತು ಹೆಚ್ಚು ಕೊಡಬೇಕು. ಬದಲಿಸಿದ ಮೇಲೆ ಸದ್ದು ಬಂದರೆ ಮೊದಲು ಈ ಸುತ್ತನ್ನೇ ಮತ್ತೆ ನೋಡಿ. ಶೂನ್ಯ ಹುಡುಕುವಾಗ ಪುಶ್‌ರಾಡ್ ಅನ್ನು ಬೆರಳಲ್ಲಿ ತಿರುಗಿಸುವುದಕ್ಕಿಂತ ಮೇಲೆ ಕೆಳಗೆ ಆಡಿಸಿ ನೋಡುವುದು ಹೆಚ್ಚು ನಂಬಿಕೆಗೆ ಯೋಗ್ಯ.

ಮಾಡಬಾರದ್ದು

ಚೇಂಬರ್‌ಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದು ಐಡ್ಲಿಂಗ್‌ನಲ್ಲಿ ‘ತೊಳೆಯುವ’ ಹಳೇ ಪದ್ಧತಿ ಇನ್ನೂ ಉಸಿರಾಡುತ್ತಿದೆ. ಬೇರಿಂಗ್‌ಗೆ ಬೇಕಾದ ಪದರ ಅದರಲ್ಲಿಲ್ಲ, ಮತ್ತು ವರ್ಷಗಳಿಂದ ಕೂತಿದ್ದ ಕರಿ ಒಮ್ಮೆಗೇ ಎದ್ದು ಹೊಸ ಲಿಫ್ಟರ್‌ನ ಬಾಯಿಗೇ ಹೋಗುತ್ತದೆ. ಫ್ಲಶ್ ದ್ರವ ಬಳಸುವುದಿದ್ದರೆ ಹಳೆಯ ಲಿಫ್ಟರ್ ಇರುವಾಗಲೇ ಬಳಸಬೇಕಿತ್ತು, ಹೊಸದು ಹಾಕಿದ ಮೇಲಲ್ಲ.

ಮಂದ ಆಯಿಲ್ ಹಾಕಿ ಸದ್ದು ಅಡಗಿಸುವುದು ಗಾಡಿ ಮಾರುವವರ ಉಪಾಯ. ಗಾಡಿ ಇಟ್ಟುಕೊಳ್ಳುವವರಿಗೆ ಅದು ಬೆಳಗಿನ ಸ್ಟಾರ್ಟ್‌ನಲ್ಲಿ ಒಣಗಿದ ಕ್ಯಾಮ್. ಲಿಫ್ಟರ್ ಸದ್ದು ನಿಲ್ಲಿಸುವುದಾಗಿ ಹೇಳುವ ಆಡಿಟಿವ್ ಬಾಟಲಿಗಳು ಅಂಟಿಕೊಂಡ ಹಳೆಯ ಪ್ಲಂಜರ್ ಅನ್ನು ಬಿಡಿಸಬಹುದು. ಸವೆದ ಲೋಬ್ ಅನ್ನಾಗಲಿ ಕಟ್ಟಿದ ಸ್ಟ್ರೈನರ್ ಅನ್ನಾಗಲಿ ಸರಿ ಮಾಡವು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಸ್ಪೇರ್ಸ್ ಅಂಗಡಿಯಲ್ಲಾಗಲಿ ಕೊಳ್ಳುವಾಗ ಬಿಡಿಬಿಡಿಯಾಗಿ ಬೇರೆ ಬೇರೆ ಬ್ರ್ಯಾಂಡ್ ಕೂಡಿಸಬೇಡಿ. ಸೀಲ್ ಒಡೆಯದ ಪೆಟ್ಟಿಗೆಯ ಒಂದೇ ಸೆಟ್ ಇರಲಿ. ಹಳೆಯದೊಂದನ್ನು ಜೊತೆಗೆ ಒಯ್ದು ವರ್ನಿಯರ್‌ನಲ್ಲಿ ವ್ಯಾಸ, ಉದ್ದ, ಆಯಿಲ್ ತೂತಿನ ಎತ್ತರ ಮೂರನ್ನೂ ಹೋಲಿಸಿ. ತೂತು ಎರಡು ಮಿಲಿಮೀಟರ್ ಆಚೀಚೆ ಆದರೂ ಕಾಲುವೆಗೆ ಹೊಂದದು.

ಎಷ್ಟು ದಿನ ಓಡಿಸಬಹುದು?

ಒಂದೇ ಲಿಫ್ಟರಿನ ಮೆಲುಸದ್ದು, ಒತ್ತಡ ಸರಿ, ಮಿಸ್‌ಫೈರ್ ಇಲ್ಲ. ಹೀಗಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿಸಿ ನೋಡುವುದರಲ್ಲಿ ತಪ್ಪಿಲ್ಲ, 3000 ಆರ್‌ಪಿಎಂ ದಾಟಿಸಬೇಡಿ. ಸದ್ದು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಎಂಜಿನ್ ನಡುಗುತ್ತಿದ್ದರೆ, ಅಥವಾ ಆಯಿಲ್ ದೀಪ ಒಮ್ಮೆ ಮಿಣುಕಿದರೂ ಅಲ್ಲೇ ನಿಲ್ಲಿಸಿ.

ಸದ್ದು ಹೋದ ಮೇಲೂ ಒಂದು ಕೆಲಸ ಬಾಕಿ. ಸಾವಿರ ಕಿಲೋಮೀಟರ್‌ಗೆ ಆಯಿಲ್, ಫಿಲ್ಟರ್ ಬದಲಿಸಿ, ಹಳೆಯ ಫಿಲ್ಟರಿನ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ ಬಿಸಿಲಿಗೆ ಬಿಡಿಸಿ ನೋಡಿ. ಒಂದೆರಡು ಸಿಲಿಕೋನ್ ಎಳೆ, ಸ್ವಲ್ಪ ಕರಿ ಇರುವುದೇ. ಅಯಸ್ಕಾಂತಕ್ಕೆ ಹತ್ತುವ ಹೊಳೆಯುವ ಚೂರುಗಳು ಕಂಡರೆ ಕ್ಯಾಮ್ ಅಥವಾ ರೋಲರ್ ಸವೆಯುತ್ತಿದೆ. ಅಯಸ್ಕಾಂತಕ್ಕೆ ಹತ್ತದ ತಾಮ್ರ ಬಣ್ಣದ ಪುಡಿಯಾದರೆ ಬೇರಿಂಗ್. ಆಗ ಮುಂದಿನ ಕೆಲಸ ಚೇಂಬರ್ ಇಳಿಸಿ ಬೇರಿಂಗ್ ನೋಡುವುದು.